ತಲೆಬರಹಕ್ಕೆ ದಪ್ಪ-ಸಪೂರ ಗೆರೆಯ, ಸೆರಿಫ್ ಇಲ್ಲದ ಕನ್ನಡ ಫಾಂಟ್ ಯಾವುದಿದೆ?

ಬದಿಯಡ್ಕ ಅಚ್ಚುಮನೆ
ಎಲ್ಲರಿಗೂ ನಮಸ್ಕಾರ. ಕಾಸರಗೋಡು ಜಿಲ್ಲೆಯ ನಮ್ಮೂರಿನ ಒಂದು ವಾಚನಾಲಯಕ್ಕೆ ಐವತ್ತು ತುಂಬುತ್ತಿದೆ. ನೆನಪಿನ ಸಂಚಿಕೆಯ ಮುಖಪುಟ, ಆಮಂತ್ರಣ, ಬ್ಯಾನರ್ ಎಲ್ಲ ನನ್ನ ಪಾಲಿಗೆ ಬಂದಿದೆ. ಶೀರ್ಷಿಕೆ 'ಸುವರ್ಣ ವರ್ಷ'. ಕೆಳಗೆ ಮಲಯಾಳ ಮತ್ತು ಇಂಗ್ಲಿಷ್ ಸಾಲು ಬರಬೇಕು. ಇಂಗ್ಲಿಷಿಗೆ ನನ್ನ ಮನಸ್ಸಿನಲ್ಲಿರುವುದು ಆಪ್ಟಿಮಾ ಫಾಂಟಿನ ತರಹದ್ದು. ಅಕ್ಷರದ ತುದಿಯಲ್ಲಿ ಕೊಕ್ಕೆ, ಅಂದರೆ ಸೆರಿಫ್ ಇಲ್ಲ, ಆದರೆ ಗೆರೆ ಒಂದು ಕಡೆ ದಪ್ಪ, ಒಂದು ಕಡೆ ಸಪೂರ. ದೊಡ್ಡದಾಗಿ ಹಾಕಿದರೆ ಎಂಥ ಚಂದ!

ಕನ್ನಡದಲ್ಲಿ ಅದಕ್ಕೆ ಜೋಡಿ ಹುಡುಕಿ ಸಾಕಾಯಿತು. ನೋಟೋ ಸ್ಯಾನ್ಸ್ ಎಲ್ಲ ಕಡೆ ಒಂದೇ ದಪ್ಪ. ಬಾಲೂ ತಮ್ಮ ಮಕ್ಕಳ ಪುಸ್ತಕಕ್ಕೆ ಸರಿ, ಇದಕ್ಕೆ ಆಗುವುದಿಲ್ಲ. ಹಳೆ ನುಡಿ ಫಾಂಟುಗಳನ್ನು ನೋಡಿದರೆ ಸರ್ಕಾರಿ ಸುತ್ತೋಲೆಯ ನೆನಪಾಗುತ್ತದೆ. ಯಾರಾದರೂ ದಾರಿ ತೋರಿಸಿ.

ಗೆರೆಗಾರ
ಮೊದಲು ಒಂದು ತಿದ್ದುಪಡಿ. ಆಪ್ಟಿಮಾದಲ್ಲಿ ದಪ್ಪ-ಸಪೂರದ ವ್ಯತ್ಯಾಸ ಜಾಸ್ತಿ ಇಲ್ಲ, ಹದವಾಗಿದೆ. ಅದರ ಚಂದ ಇರುವುದು ಗೆರೆ ತುದಿಗೆ ಹೋಗುತ್ತಾ ಸ್ವಲ್ಪ ಅರಳುವುದರಲ್ಲಿ. ಅದನ್ನು ಮಾಡಿದ ಹರ್ಮನ್ ಜಾಫ್ 1950ರಲ್ಲಿ ಫ್ಲಾರೆನ್ಸಿನ ಸಾಂತಾ ಕ್ರೋಚೆ ಚರ್ಚಿಗೆ ಹೋಗಿದ್ದಾಗ ನೆಲದ ಗೋರಿಕಲ್ಲುಗಳ ಮೇಲಿನ ಅಕ್ಷರ ನೋಡಿದರು. ಕೈಯಲ್ಲಿ ಕಾಗದ ಇರಲಿಲ್ಲ. ಸಾವಿರ ಲೀರಾ ನೋಟಿನ ಮೇಲೆಯೇ ಗೀಚಿಕೊಂಡರು. ಅಚ್ಚಿನ ಮೊಳೆ ಮಾಡುವ ಸ್ಟೆಂಪೆಲ್ ಕಂಪನಿ ಅದನ್ನು 1958ರಲ್ಲಿ ಹೊರತಂದಿತು.

ನಿಮಗೆ ನಿಜಕ್ಕೂ ಗೆರೆಗಳ ಅಂತರ ಎದ್ದು ಕಾಣಬೇಕಾದರೆ ಪೆನ್ಯೋ ಫಾಂಟ್ ನೋಡಿ. ಪ್ಯಾರಿಸ್ಸಿನ ಪೋಸ್ಟರ್ ಕಲಾವಿದ ಕಸ್ಸಾಂದ್ರ್ 1937ರಲ್ಲಿ ಮಾಡಿದ್ದು. ಬ್ರಿಟಾನಿಕ್ ಇನ್ನೂ ಹಳೆಯದು. ಅದರ ಬೋಲ್ಡ್ ಮೈಕ್ರೋಸಾಫ್ಟ್ ಆಫೀಸಿನ ಜೊತೆಗೇ ಬರುತ್ತಿತ್ತು, ನಿಮ್ಮ ಕಂಪ್ಯೂಟರಿನಲ್ಲೂ ಇರಬಹುದು. ಪುಕ್ಕಟೆ ಬೇಕಾದರೆ ಗೂಗಲ್ ಫಾಂಟ್ಸಿನಲ್ಲಿ ಬೆಲ್ಲೆಜ಼ಾ, ಫೆಡೆರೊ ಇವೆ.

ಬದಿಯಡ್ಕ ಅಚ್ಚುಮನೆ
ಬೆಲ್ಲೆಜ಼ಾ ಈಗ ಹಾಕಿ ನೋಡಿದೆ, ತುಂಬಾ ಹಿಡಿಸಿತು. ಇಂಗ್ಲಿಷಿನ ತಲೆನೋವು ಮುಗಿಯಿತು. ಕನ್ನಡದ್ದು ಹಾಗೇ ಇದೆ.

ಪೆರ್ಲದವಳು
ಟೀರೋ ಕನ್ನಡ ಹಾಕಿ. ಚರ್ಚೆ ಯಾಕೆ?

ಚಂದ್ರಗಿರಿ ತೀರ
ಟೀರೋ ಚಂದ ಇದೆ, ಒಪ್ಪುತ್ತೇನೆ. ಅದರ ಮೂಲ, ಭಾರತದ ಹಳೆ ಸಾಹಿತ್ಯ ಪ್ರಕಟಿಸುವ ಮೂರ್ತಿ ಕ್ಲಾಸಿಕಲ್ ಲೈಬ್ರರಿಯ ಪುಸ್ತಕಗಳಿಗೆ ಮಾಡಿದ ಅಕ್ಷರ. ಹಾಗಾಗಿ ಪುಟ ತುಂಬ ಓದುವುದಕ್ಕೆ ಹೇಳಿ ಮಾಡಿಸಿದ್ದು. ಬ್ಯಾನರಿನಲ್ಲಿ ಎರಡು ಅಡಿ ಎತ್ತರಕ್ಕೆ ಎಳೆದರೆ ಪುಸ್ತಕದ ಪುಟವನ್ನು ದುರ್ಬೀನಿನಲ್ಲಿ ನೋಡಿದ ಹಾಗೆ ಕಾಣುತ್ತದೆ. ದಪ್ಪದಲ್ಲೂ ಒಂದೇ ಬಗೆ, ಬೋಲ್ಡ್ ಇಲ್ಲ. ತಲೆಬರಹದ ಅಕ್ಷರದ ಕೆಲಸವೇ ಬೇರೆ ಅಲ್ವಾ?

ಪೆರ್ಲದವಳು
ಮುಖಪುಟಕ್ಕಾದರೂ ಆಗುತ್ತದೆ. ನಾನು ಒಂದು ಕವನ ಸಂಕಲನಕ್ಕೆ ಹಾಕಿದ್ದೆ, ಎಲ್ಲರೂ ಮೆಚ್ಚಿಕೊಂಡರು.

ಮೊಳೆಜೋಡಕ
ಸೆರಿಫ್ ಇಲ್ಲ ಅಂದರೆ ಕನ್ನಡದಲ್ಲಿ ಎಂತ ಅರ್ಥ ಮಾರಾಯ್ರೇ? ಕೆಲವರು ತಲೆಕಟ್ಟನ್ನೇ ಸೆರಿಫ್ ಅಂತ ತಿಳಿದು ಅದನ್ನು ಕತ್ತರಿಸಲು ಹೋಗುತ್ತಾರೆ. ಹಾಗೆ ಮಾಡಿದ ಲೋಗೋ ಎಷ್ಟೋ ನೋಡಿದ್ದೇನೆ. ತಲೆಕಟ್ಟು ಅಲಂಕಾರ ಅಲ್ಲ. 'ಕ' ಬರೆದಾಗ ಇರುತ್ತದೆ, 'ಕಿ' 'ಕೆ' ಬರೆದಾಗ ಅದರ ಜಾಗಕ್ಕೆ ಗುಡಿಸು, ಎತ್ವ ಬರುತ್ತದೆ. ಅಂದರೆ ಅದು ಸ್ವರದ ಗುರುತು. ಅದನ್ನು ತೆಗೆದರೆ ಓದುವವನಿಗೆ ಅಕ್ಷರ ಅರ್ಧಕ್ಕೆ ನಿಂತ ಹಾಗಾಗುತ್ತದೆ.

ನನ್ನ ಲೆಕ್ಕದಲ್ಲಿ ಕನ್ನಡಕ್ಕೆ ಸೆರಿಫ್ ಇಲ್ಲದ್ದು ಅಂದರೆ ಗೆರೆಯ ತುದಿಯಲ್ಲಿ ಗುಂಡು, ಹನಿ, ಬಾಲ ಯಾವುದೂ ಇಲ್ಲದೆ ನೇರವಾಗಿ ಕತ್ತರಿಸಿ ನಿಲ್ಲಿಸಿದ್ದು. ಹಳೆ ಅಚ್ಚಿನ ಮೊಳೆಗಳಲ್ಲಿ ತಲೆಕಟ್ಟಿನ ಬಲತುದಿ ಮೇಲಕ್ಕೆ ಚಿಮ್ಮಿ ಒಂದು ಬೊಟ್ಟಿನಲ್ಲಿ ಮುಗಿಯುತ್ತಿತ್ತು. ಆ ಬೊಟ್ಟು ತೆಗೆಯಬಹುದು, ತಲೆಕಟ್ಟು ತೆಗೆಯಬಾರದು.

ಗೆರೆಗಾರ
ಇದು ಸರಿಯಾದ ಮಾತು.

ಹೊಸೂರಿನ ಕನ್ನಡದವ
ಹೊಸೂರಿನಿಂದ ಬರೆಯುತ್ತಿದ್ದೇನೆ. ಇಲ್ಲಿ ತಮಿಳು, ತೆಲುಗು, ಕನ್ನಡ ಮೂರೂ ಇರುವ ಮದುವೆ ಕಾಗದ ಮಾಡಿಸುವವರಿದ್ದಾರೆ. ಅನೇಕ್ ಕನ್ನಡ ನೋಡಿದ್ದೀರಾ? ಫಾಂಟ್ ಮಾಡುವ ಏಕ್ ಟೈಪ್‌ನವರದ್ದು. ಸಪೂರದಿಂದ ತುಂಬ ದಪ್ಪದವರೆಗೆ, ಇಕ್ಕಟ್ಟಿನಿಂದ ಅಗಲದವರೆಗೆ ಬೇಕಾದ ಹಾಗೆ ಎಳೆಯಬಹುದು. ಅದೇ ಕುಟುಂಬದಲ್ಲಿ ಮಲಯಾಳವೂ ಇದೆ. ಮೂರು ಭಾಷೆಯೂ ಒಂದೇ ಕೈಯಿಂದ ಬಂದ ಹಾಗೆ ಕಾಣುತ್ತದೆ.

ಬದಿಯಡ್ಕ ಅಚ್ಚುಮನೆ
ನೋಡಿದೆ. ಒಳ್ಳೆ ಕೆಲಸ. ಆದರೆ ಅದು ಒಟ್ಟಾರೆ ದಪ್ಪ ಆಗುತ್ತದೆ, ಒಟ್ಟಾರೆ ಸಪೂರ ಆಗುತ್ತದೆ. ಒಂದೇ ಅಕ್ಷರದೊಳಗೆ ದಪ್ಪ-ಸಪೂರದ ಆಟ ಅಷ್ಟಿಲ್ಲ. ನನಗೆ ಬೇಕಾದದ್ದು ಅದೇ.

ಉಪ್ಪಳ ಬೋರ್ಡ್
ನಾನು ಬೋರ್ಡ್ ಬರೆಯುವವನ ಮಗ. ಅಪ್ಪ ಅಂಗಡಿ ಬೋರ್ಡಿನ ಮೇಲೆ ಚಪ್ಪಟೆ ಬ್ರಷ್ಷಿನಲ್ಲಿ ಬರೆಯುತ್ತಿದ್ದದ್ದು ನೀವು ಕೇಳುವ ಅಕ್ಷರವೇ. ಯಾವ ಫಾಂಟೂ ಇರಲಿಲ್ಲ. ಬ್ರಷ್ಷಿನ ಬಾಯಿ ಓರೆಯಾಗಿ ಹಿಡಿದು, ಕೈ ತಿರುಗಿಸದೆ ಎಳೆಯುವುದು. 'ಳ' ಬರೆಯುವಾಗ ನೋಡಬೇಕಿತ್ತು. ಎಡಗಡೆಯ ಸುರುಳಿಯಿಂದ ಸಪೂರವಾಗಿ ಹೊರಟು, ಇಳಿಯುತ್ತಾ ಹೊಟ್ಟೆ ತುಂಬಿ, ಅಡಿಯಲ್ಲಿ ತಿರುಗುವಾಗ ಮತ್ತೆ ಸಪೂರ. ತುದಿಗೆ ಬಂದಾಗ ಬ್ರಷ್ ಎತ್ತಿಬಿಡುತ್ತಿದ್ದರು. ಗುಂಡು ಇಲ್ಲ, ಬಾಲ ಇಲ್ಲ. ಕಡಿದ ಹಾಗೆ ನಿಲ್ಲುತ್ತಿತ್ತು. 'ಉಪ್ಪಳ' ಅನ್ನುವ ಒಂದೇ ಪದದಲ್ಲಿ ಅಪ್ಪನ ಕೈ ಗುರುತಿಸುತ್ತಿದ್ದರು.

ಪ್ರಿಂಟ್ ಬಂದ ಮೇಲೆ ಬ್ರಷ್ ಹೋಯಿತು. ಅಕ್ಷರವೂ ಅದರ ಜೊತೆ ಹೋಯಿತು. ಅದನ್ನು ಯಾರಾದರೂ ಫಾಂಟ್ ಮಾಡಿಟ್ಟಿದ್ದರೆ ಈವತ್ತು ಈ ಪ್ರಶ್ನೆಯೇ ಬರುತ್ತಿರಲಿಲ್ಲ.

ಪೆರ್ಲದವಳು
ಆ ಬೋರ್ಡ್ ಯಾವುದಾದರೂ ಉಳಿದಿದೆಯಾ? ಫೋಟೋ ಹಾಕಿ ದಯವಿಟ್ಟು.

ಉಪ್ಪಳ ಬೋರ್ಡ್
ಒಂದು ಹಳೆ ಜವಳಿ ಅಂಗಡಿಯದ್ದು ಇದೆ. ಮಳೆ ಬಿಟ್ಟ ಮೇಲೆ ತೆಗೆದು ಹಾಕುತ್ತೇನೆ.

ಅಕ್ಕಲಕೋಟೆ ಕನ್ನಡಿಗ
ನಮಸ್ಕಾರ್ರೀ, ಸೊಲ್ಲಾಪುರ ಜಿಲ್ಲೆಯಿಂದ. ಇಲ್ಲಿ ನಮ್ಮ ಕಥೆ ಸ್ವಲ್ಪ ಬೇರೆ. ಮರಾಠಿ ಸಾಲಿಗೆ ರೋಝಾ ವನ್ ಅಂಥ ಒಳ್ಳೊಳ್ಳೆ ಅಕ್ಷರ ಸಿಗುತ್ತವೆ. ಅದರಲ್ಲಿ ದಪ್ಪ ಗೆರೆ ಬೆರಳಿನಷ್ಟು, ಸಪೂರ ಗೆರೆ ಕೂದಲಿನಷ್ಟು. ಪಕ್ಕದಲ್ಲಿ ಕನ್ನಡ ಹಾಕಿದರೆ ಕಳೆಗುಂದುತ್ತದೆ. ಒಂದು ವಿಷಯ ಗಮನಿಸಿ. ದೇವನಾಗರಿಯ ಬೋರುಕಡ್ಡಿಯ (ಜೊಂಡಿನ ಲೇಖನಿಯ) ತುದಿಯನ್ನು ಇಂಗ್ಲಿಷ್ ಲೇಖನಿಗೆ ವಿರುದ್ಧ ಓರೆಯಲ್ಲಿ ಕತ್ತರಿಸುತ್ತಾರೆ. ಅದಕ್ಕೇ ದಪ್ಪ ಬೀಳುವ ಜಾಗ ಇಂಗ್ಲಿಷಿಗೂ ಮರಾಠಿಗೂ ಬೇರೆ ಬೇರೆ. ಕನ್ನಡಕ್ಕೆ ಯಾವ ಓರೆ? ಅದನ್ನು ತೀರ್ಮಾನ ಮಾಡದೆ ಫಾಂಟ್ ಹುಡುಕಿದರೆ ಸಿಗುವುದಿಲ್ಲರೀ.

ಗೆರೆಗಾರ
ಇದೇ ಮುಖ್ಯ ಪ್ರಶ್ನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಇಂಗ್ಲಿಷಿನಲ್ಲಿ ನಿಂತ ಗೆರೆ ದಪ್ಪ, ಮಲಗಿದ ಗೆರೆ ಸಪೂರ. ಆ ನಿಯಮವನ್ನು ಹಾಗೇ ತಂದು ಕನ್ನಡಕ್ಕೆ ಹಾಕಿದರೆ ಎಂತ ಆಗುತ್ತದೆ? ಕನ್ನಡದಲ್ಲಿ ನೇರ ನಿಂತ ಗೆರೆಯೇ ಕಡಿಮೆ. ಎಲ್ಲ ಬಾಗಿದ್ದು. 'ರ'ದ ಎಡ-ಬಲ ಎರಡೂ ಕಡೆ ದಪ್ಪ ಬಿದ್ದು, ಮೇಲೆ ಕೆಳಗೆ ಕೂದಲೆಳೆ ಆಗುತ್ತದೆ. ತಲೆಕಟ್ಟು ಮಲಗಿದ ಗೆರೆಯಾದ್ದರಿಂದ ಅದೂ ಸಪೂರ. ದೂರದಿಂದ ನೋಡಿದರೆ ತಲೆಕಟ್ಟು ಮಾಯ, ಸಾಲಿನಲ್ಲಿ ಬರೀ ಕಂಬಗಳು ಕಾಣುತ್ತವೆ. ಇಂಗ್ಲಿಷ್ ಜೊತೆ ಹೊಂದಿತು ಅಂತ ಸಮಾಧಾನ ಪಡಬಹುದು, ಕನ್ನಡ ಓದಲು ಕಷ್ಟ.

ನಮ್ಮ ಲಿಪಿ ಬೆಳೆದದ್ದು ತಾಳೆಗರಿಯ ಮೇಲೆ, ಬರೆಯುವ ಕಂಟದ ಮೊನೆಯಲ್ಲಿ. ಕಬ್ಬಿಣದ ಮೊನೆಯಿಂದ ಕೊರೆದು, ಮೇಲೆ ಮಸಿ ಉಜ್ಜುವುದು. ಅಲ್ಲಿ ಗೆರೆ ಎಲ್ಲ ಕಡೆ ಒಂದೇ. ದಪ್ಪ-ಸಪೂರ ಬಂದದ್ದು ಕಾಗದ, ಲೇಖನಿ, ಬ್ರಷ್, ಅಚ್ಚಿನ ಮೊಳೆ ಬಂದ ಮೇಲೆ. ಹಾಗಾಗಿ 'ಇದೇ ಸರಿ' ಅನ್ನುವ ಹಳೆ ಶಾಸ್ತ್ರ ನಮಗಿಲ್ಲ. ಇದನ್ನು ಕೊರತೆ ಅಂತ ನೋಡಬೇಡಿ. ನಮ್ಮ ಕಣ್ಣಿಗೆ ಒಪ್ಪುವುದನ್ನು ನಾವೇ ಆರಿಸಬಹುದು. ನನ್ನ ಅಭಿಪ್ರಾಯ ಇಷ್ಟು: ತಲೆಕಟ್ಟಿಗೂ ಬಟ್ಟಲಿನ (ಅಕ್ಷರದ ದುಂಡು ಹೊಟ್ಟೆಯ) ಒಂದು ಪಕ್ಕಕ್ಕೂ ದಪ್ಪ ಕೊಡಿ, ಗೆರೆ ತಿರುಗುವ ಮತ್ತು ಕೂಡುವ ಜಾಗದಲ್ಲಿ ಸಪೂರ ಮಾಡಿ. ಉಪ್ಪಳದವರ ತಂದೆ ಮಾಡುತ್ತಿದ್ದದ್ದೂ ಹೆಚ್ಚು ಕಡಿಮೆ ಅದೇ ಇರಬೇಕು.

ಮೊಳೆಜೋಡಕ
ಬಟ್ಟಲಿನ ಮಾತು ಸರಿ. ತಲೆಕಟ್ಟಿಗೆ ದಪ್ಪ ಕೊಡುವುದು ನನಗೆ ಒಪ್ಪಿಗೆ ಇಲ್ಲ. ಸಾಲು ಪೂರ್ತಿ ಮೇಲ್ಗಡೆ ಭಾರವಾಗುತ್ತದೆ. 'ಕಾಸರಗೋಡು' ಅಂತ ಬರೆದು ನೋಡಿ. ಎಲ್ಲ ಮೇಲೆ ಮೇಲೆ ತೂಗುತ್ತದೆ.

ಗೆರೆಗಾರ
'ಕಾಸರಗೋಡು' ಪದದಲ್ಲಿ ಒತ್ತೇ ಇಲ್ಲ, ಅದಕ್ಕೆ ಹಾಗೆ ಕಾಣುತ್ತದೆ. 'ಮುಳ್ಳೇರಿಯ', 'ಮಂಜೇಶ್ವರ', 'ಬದಿಯಡ್ಕ' ಬರೆದು ನೋಡಿ. ಒತ್ತಕ್ಷರ ಕೆಳಗೆ ಭಾರ ಕೊಡುತ್ತದೆ, ಸಮ ಆಗುತ್ತದೆ.

ಮೊಳೆಜೋಡಕ
ಒತ್ತು ಇರುವ ಊರಿಗೊಂದು, ಇಲ್ಲದ ಊರಿಗೊಂದು ಫಾಂಟ್ ಮಾಡಲು ಆಗುತ್ತದಾ? ಎರಡಕ್ಕೂ ಸಲ್ಲಬೇಕು.

ಚಂದ್ರಗಿರಿ ತೀರ
ಒತ್ತಿನ ಮಾತು ಬಂತಲ್ಲ, ಅಲ್ಲೇ ಇರುವುದು ದೊಡ್ಡ ಕಷ್ಟ. ಒತ್ತು ಮೂಲ ಅಕ್ಷರಕ್ಕಿಂತ ಚಿಕ್ಕದು. ದೊಡ್ಡದನ್ನೇ ಕುಗ್ಗಿಸಿ ಕೆಳಗೆ ಇಟ್ಟರೆ ಅದರ ಸಪೂರ ಗೆರೆ ಇನ್ನೂ ಸಪೂರ ಆಗಿ ಮುದ್ರಣದಲ್ಲಿ ಹಾರಿಹೋಗುತ್ತದೆ. ಪ್ರತಿ ಒತ್ತನ್ನೂ ಬೇರೆಯಾಗಿ, ಸ್ವಲ್ಪ ದಪ್ಪ ಕೊಟ್ಟು ಬಿಡಿಸಬೇಕು. ಇಂಗ್ಲಿಷಿಗೆ 26 ದೊಡ್ಡಕ್ಷರ, 26 ಚಿಕ್ಕಕ್ಷರ, ಅಂಕೆ, ಚಿಹ್ನೆ ಮಾಡಿದರೆ ಒಂದು ತಲೆಬರಹದ ಫಾಂಟ್ ಆಯಿತು. ಕನ್ನಡಕ್ಕೆ ಗುಣಿತ, ಒತ್ತು, ಅರ್ಕಾವತ್ತು ಎಲ್ಲ ಸೇರಿ ನೂರಾರು ಆಕಾರ ಬೇಕು. ಅದರ ಮೇಲೆ ಅವು ಸರಿಯಾಗಿ ಕೂಡುವ ಓಪನ್‌ಟೈಪ್ ನಿಯಮ ಬರೆಯಬೇಕು. ಇಷ್ಟು ಮಾಡಿ ಯಾರಿಗೆ ಮಾರುವುದು? ತಲೆಬರಹದ ಫಾಂಟ್ ಕಡಿಮೆ ಇರುವುದಕ್ಕೆ ಕಾರಣ ಇದೇ ಅಂತ ನನಗೆ ಅನಿಸುತ್ತದೆ.

ಪೆರ್ಲದವಳು
ಮಲಯಾಳದಲ್ಲೂ ಕೂಡಕ್ಷರ ರಾಶಿ ಇವೆ. ಆದರೂ ಅವರು ಮಾಡಿಕೊಂಡರು. ಮಂಜರಿ, ಚಿಲಂಕ, ಗಾಯತ್ರಿ ಎಲ್ಲ ಪುಕ್ಕಟೆ. ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಬಳಗದವರು ಸೇರಿ ಹೊರತಂದದ್ದು. ನಮ್ಮಲ್ಲಿ ಅಷ್ಟು ಜನ ಒಟ್ಟಿಗೆ ಕೂರುವುದೇ ಇಲ್ಲ.

ಹೊಸೂರಿನ ಕನ್ನಡದವ
ಹಾಗೆ ಹೇಳಬೇಡಿ. ನವಿಲು, ಗುಬ್ಬಿ ಮಾಡಿ ಪುಕ್ಕಟೆ ಕೊಟ್ಟವರು ನಮ್ಮವರೇ. ಅಕಾಯಾ ಕನಡಕ ಇದೆ, ಹುಬ್ಬಳ್ಳಿ ಇದೆ, ಬೆಣ್ಣೆ ಇದೆ. ಬೆಣ್ಣೆಯಲ್ಲಿ ಹಳೆ ಅಚ್ಚಿನ ಅಕ್ಷರದ ಛಾಯೆ ಎಷ್ಟು ಚಂದ ಬಂದಿದೆ. ಹತ್ತು ವರ್ಷದ ಹಿಂದಿಗೆ ಹೋಲಿಸಿದರೆ ಈಗ ಸುಖ.

ಬೇಳದ ಮೇಷ್ಟ್ರು
ವಿಷಯ ಸ್ವಲ್ಪ ಆಚೆ ಹೋಗುತ್ತದೆ, ಆದರೂ ಹೇಳಲೇಬೇಕು. ನಮ್ಮ ಕಡೆ ಒಂದು ಕಚೇರಿಯ ಮುಂದೆ ಹೊಸ ಬೋರ್ಡ್ ಬಂತು. ಮಲಯಾಳ ಚಂದ ಇದೆ, ಇಂಗ್ಲಿಷ್ ಚಂದ ಇದೆ. ಕನ್ನಡದಲ್ಲಿ 'ಬದಿಯಡ್‌ಕ' ಅಂತ ಬಿಡಿಸಿ ಹಾಕಿದ್ದಾರೆ. ಒತ್ತು ಕೂಡಿಲ್ಲ. ಜಾಗ ಸಾಲದೆ ಅಕ್ಷರವನ್ನು ಅಡ್ಡಕ್ಕೆ ಹಿಂಡಿದ್ದಾರೆ ಬೇರೆ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ಇಲ್ಲಿ ಕನ್ನಡ ಹಕ್ಕಿಗಾಗಿ ಕೇಳುತ್ತಲೇ ಇದೆ. ಕೇಳಿ ಕೇಳಿ ಬೋರ್ಡಿನಲ್ಲಿ ಒಂದು ಸಾಲು ಸಿಕ್ಕಿದರೆ ಅದೂ ಹೀಗೆ. ಮಕ್ಕಳು ದಿನಾ ಅದನ್ನೇ ನೋಡುತ್ತಾ ಶಾಲೆಗೆ ಹೋಗುತ್ತಾರೆ. ಕನ್ನಡ ಅಂದರೆ ಹೀಗೆ ಕುರೂಪವಾಗಿರುವುದು ಅಂತ ಅವರ ಮನಸ್ಸಿನಲ್ಲಿ ಕೂತರೆ ಏನು ಗತಿ? ಚಂದದ ಅಕ್ಷರ ಬೇಕು ಅನ್ನುವುದು ಶೋಕಿ ಅಲ್ಲ. ಈ ಗಡಿಯಲ್ಲಿ ಅದು ಮರ್ಯಾದೆಯ ಪ್ರಶ್ನೆ.

ಉಪ್ಪಳ ಬೋರ್ಡ್
ಮೇಷ್ಟ್ರೇ, ನೂರಕ್ಕೆ ನೂರು.

ಚಂದ್ರಗಿರಿ ತೀರ
ಒತ್ತು ಕೂಡದೆ ಇರುವುದು ಫಾಂಟಿನ ದೋಷ ಅಲ್ಲ ಮೇಷ್ಟ್ರೇ. ವಿನ್ಯಾಸದ ತಂತ್ರಾಂಶದಲ್ಲಿ ಭಾರತೀಯ ಲಿಪಿ ಜೋಡಿಸುವ ಎಂಜಿನ್ ಆನ್ ಮಾಡದೆ ಇದ್ದರೆ ಹಾಗಾಗುತ್ತದೆ. ಇನ್‌ಡಿಸೈನಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಅಂತ ಒಂದು ಆಯ್ಕೆ ಇದೆ, ಅದನ್ನು ಒತ್ತಿದರೆ ಸರಿಯಾಗುತ್ತದೆ. ಕನ್ನಡ ಓದಲು ಬಾರದವರಿಗೆ ತಪ್ಪಾಗಿದೆ ಅಂತಲೂ ಗೊತ್ತಾಗುವುದಿಲ್ಲ. ಬೋರ್ಡ್ ಮಾಡುವ ಮೊದಲು ಊರಿನ ಒಬ್ಬರಿಗೆ ತೋರಿಸಿದ್ದರೆ ಸಾಕಿತ್ತು.

ಬೇಳದ ಮೇಷ್ಟ್ರು
ಅದನ್ನೇ ನಾನೂ ಹೇಳುವುದು. ಕಾರಣ ತಾಂತ್ರಿಕ ಇರಬಹುದು, ತೋರಿಸದೆ ಇರುವುದು ತಾಂತ್ರಿಕ ಅಲ್ಲ.

ಮೊಳೆಜೋಡಕ
ಕನ್ನಡ ಅಕ್ಷರದ ಅಚ್ಚಿನ ಚರಿತ್ರೆಯಲ್ಲಿ ನಮ್ಮ ಕರಾವಳಿಗೂ ದೊಡ್ಡ ಪಾಲಿದೆ ಅನ್ನುವುದನ್ನೂ ನೆನಪಿಡಿ. ಬಾಸೆಲ್ ಮಿಷನ್ ಪ್ರೆಸ್ ಮಂಗಳೂರಿನಲ್ಲಿ ಶುರುವಾದದ್ದು 1841ರಲ್ಲಿ. 1843ರ ಜುಲೈ 1ಕ್ಕೆ ಬಂದ 'ಮಂಗಳೂರ ಸಮಾಚಾರ' ಕಲ್ಲಚ್ಚಿನಲ್ಲಿ ಮುದ್ರಣವಾದದ್ದು. ಕಲ್ಲಚ್ಚು ಅಂದರೆ ಕೈಬರಹವೇ ಅಚ್ಚಾಗುವುದು. ಮೊಳೆ ಇಲ್ಲ, ಲೇಖನಿಯ ಗೆರೆಯೇ ಪತ್ರಿಕೆ. ಕಿಟ್ಟೆಲ್ ನಿಘಂಟು 1894ರಲ್ಲಿ ಹೊರಬಂದದ್ದೂ ಮಂಗಳೂರಿನಿಂದ. ಹಳೆ ಪುಟಗಳ ಸ್ಕ್ಯಾನ್ ಅಂತರ್ಜಾಲದಲ್ಲಿ ಸಿಗುತ್ತವೆ. ದೊಡ್ಡದು ಮಾಡಿ ನೋಡಿ, ದಪ್ಪ ಎಲ್ಲಿ ಬಿದ್ದಿದೆ, ಸಪೂರ ಎಲ್ಲಿ ಅಂತ. ಇಟಲಿಯ ಚರ್ಚಿಗೆ ಹೋಗಬೇಕಾಗಿಲ್ಲ.

ಗೆರೆಗಾರ
ಇಟಲಿಗೂ ಹೋಗಬೇಕು, ಮಂಗಳೂರಿಗೂ ಬರಬೇಕು. ಜಾಫ್ ಮಾಡಿದ್ದೂ ಅದೇ ತಾನೇ? ತಮ್ಮ ಲಿಪಿಯ ಹಳೆ ಕಲ್ಲು ನೋಡಿದರು, ಅದರಿಂದ ಹೊಸ ಅಕ್ಷರ ಮಾಡಿದರು. ನಾವು ಅವರ ಅಕ್ಷರ ನಕಲು ಮಾಡುವುದು ಬೇಡ. ಅವರ ಹಾಗೆ ನಮ್ಮ ಕಲ್ಲು ನೋಡೋಣ.

ಕುಂಬಳೆ ಪ್ರಿಂಟ್
ನಾನು ಮುದ್ರಣದ ಕಡೆಯಿಂದ ಒಂದು ಎಚ್ಚರಿಕೆ ಹೇಳುತ್ತೇನೆ. ಕೇರಳದಲ್ಲಿ 2019ರಿಂದ ಪಿವಿಸಿ ಫ್ಲೆಕ್ಸ್ ನಿಷೇಧ. ಬ್ಯಾನರ್ ಬಟ್ಟೆಯ ಮೇಲೆ ಮಾಡಿಸುವವರೇ ಜಾಸ್ತಿ. ಬಟ್ಟೆಗೆ ಶಾಯಿ ಹರಡುತ್ತದೆ. ಗಾಢ ಬಣ್ಣದ ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಬಿಟ್ಟರೆ ಸುತ್ತಲಿನ ಶಾಯಿ ಒಳಗೆ ಹರಿದು ಸಪೂರ ಗೆರೆಯನ್ನು ನುಂಗುತ್ತದೆ.

ಇಂಗ್ಲಿಷಿನಲ್ಲಿ ಒಂದು ಸಪೂರ ಗೆರೆ ಹೋದರೂ ಹೆಚ್ಚಾಗಿ ಓದಿಕೊಳ್ಳಬಹುದು. ಕನ್ನಡದಲ್ಲಿ ಅಕ್ಷರವೇ ಬದಲಾಗುತ್ತದೆ. 'ಷ'ದ ಹೊಟ್ಟೆಯೊಳಗಿನ ಗೆರೆ ಹೋದರೆ 'ಪ'. ನಿಮ್ಮ ಶೀರ್ಷಿಕೆ 'ಸುವರ್ಣ ವರ್ಪ' ಆಗುತ್ತದೆ. 'ಧ'ದ ಅಡಿಯ ಸೀಳು ಮುಚ್ಚಿದರೆ 'ದ'. ಧನಸಂಗ್ರಹದ ಬ್ಯಾನರ್ ಹಾಕಿದ್ದೀರಿ ಅಂತಿಟ್ಟುಕೊಳ್ಳಿ, ಜನ ದನ ಹಿಡಿದುಕೊಂಡು ಬರುತ್ತಾರೆ! 'ಠ'ದ ಚುಕ್ಕೆ, 'ಭ' 'ಢ'ಗಳ ಸೀಳು, ಎಲ್ಲದಕ್ಕೂ ಇದೇ ಕಥೆ. ಆದ್ದರಿಂದ ಗುರುತಿನ ಗೆರೆಗಳನ್ನು ಯಾವತ್ತೂ ಕೂದಲೆಳೆ ಮಾಡಬೇಡಿ. ಅಂದಕ್ಕೆ ಮಾತ್ರ ಇರುವ ತಿರುವಿನಲ್ಲಿ ಎಷ್ಟು ಬೇಕಾದರೂ ಸಪೂರ ಮಾಡಿ.

ಬದಿಯಡ್ಕ ಅಚ್ಚುಮನೆ
ಇದು ಬಹಳ ಉಪಕಾರವಾಯಿತು. 'ವರ್ಪ' ಆಗುವ ಅಪಾಯ ನನಗೆ ಹೊಳೆದಿರಲಿಲ್ಲ. ಬ್ಯಾನರಿನ ಹಿನ್ನೆಲೆ ತಿಳಿ ಬಣ್ಣ ಮಾಡಿ ಅಕ್ಷರ ಗಾಢ ಮಾಡುತ್ತೇನೆ.

ಅಕ್ಕಲಕೋಟೆ ಕನ್ನಡಿಗ
ಮುಖಪುಟಕ್ಕೆ ಒಂದು, ಬ್ಯಾನರಿಗೆ ಇನ್ನೊಂದು ಮಾಡಿರಿ. ಸೀಸದ ಮೊಳೆಯ ಕಾಲದಲ್ಲಿ ಪ್ರತಿ ಅಳತೆಗೂ ಬೇರೆ ಅಚ್ಚು ಕೊರೆಯುತ್ತಿದ್ದರು. ಒಂದನ್ನೇ ಹಿಗ್ಗಿಸಿ ಕುಗ್ಗಿಸುವ ಚಾಳಿ ಮೊಳೆಯ ಕಾಲ ಮುಗಿದ ಮೇಲಿನದ್ದು.

ಚಂದ್ರಗಿರಿ ತೀರ
ನನ್ನ ಸಲಹೆ ಕೇಳಿ. ನಿಮಗೆ ಪೂರ್ತಿ ಫಾಂಟ್ ಬೇಡ. ಎರಡು ಪದ ಸಾಕು. 'ಸು', 'ವ', 'ರ್ಣ', 'ರ್ಷ' ನಾಲ್ಕೇ ಆಕಾರ. ಅರ್ಕಾವತ್ತು ಎರಡು ಕಡೆ ಬರುತ್ತದೆ, ಅದನ್ನು ಒಮ್ಮೆ ಚೆನ್ನಾಗಿ ಬಿಡಿಸಿದರೆ ಆಯಿತು. ಟೀರೋ ಅಥವಾ ನೋಟೋ ಸೆರಿಫ್ ಕನ್ನಡವನ್ನು ಚಿತ್ರ ಬಿಡಿಸುವ ತಂತ್ರಾಂಶ ಇಂಕ್‌ಸ್ಕೇಪಿನಲ್ಲಿ ಹಾಕಿ ಗೆರೆಯಾಗಿ ಪರಿವರ್ತಿಸಿ. ತುದಿಯ ಗುಂಡು ತೆಗೆಯಿರಿ, ದಪ್ಪ-ಸಪೂರ ನಿಮಗೆ ಬೇಕಾದ ಹಾಗೆ ಹೆಚ್ಚಿಸಿ. ಇವೆರಡೂ ಓಪನ್ ಫಾಂಟ್ ಲೈಸೆನ್ಸಿನಲ್ಲಿ ಇರುವುದರಿಂದ ತಿದ್ದಲು ಅಡ್ಡಿ ಇಲ್ಲ. ಮುಂದೆ ಅದನ್ನೇ ಬೆಳೆಸಿ ಫಾಂಟಾಗಿ ಹಂಚುವುದಾದರೆ ಅದೇ ಲೈಸೆನ್ಸಿನಲ್ಲಿ ಹಂಚಬೇಕು.

ಉಪ್ಪಳ ಬೋರ್ಡ್
ಅದಕ್ಕಿಂತ ಬ್ರಷ್ಷಿನಲ್ಲಿ ಬರೆದು ಸ್ಕ್ಯಾನ್ ಮಾಡಿ. ಇದ್ದದ್ದನ್ನು ತಿದ್ದಿದರೆ ತಿದ್ದಿದ ಹಾಗೆಯೇ ಕಾಣುತ್ತದೆ. ಮನೆಯಲ್ಲಿ ಅಪ್ಪನ ಚಪ್ಪಟೆ ಬ್ರಷ್ಷುಗಳು ಇವೆ. ಎರಡು ಪದ ನಾನೇ ಬರೆದು ಕಳಿಸುತ್ತೇನೆ, ದುಡ್ಡು ಬೇಡ.

ಗೆರೆಗಾರ
ಇದೇ ಒಳ್ಳೆಯದು. ಒಂದು ಮಾತು ಗಮನದಲ್ಲಿಡಿ. ಪಕ್ಕದ ಬೆಲ್ಲೆಜ಼ಾಕ್ಕೆ ಹೊಂದಿಸುವಾಗ ಕನ್ನಡದ ಬಟ್ಟಲನ್ನು ಇಂಗ್ಲಿಷ್ ದೊಡ್ಡಕ್ಷರದಷ್ಟು ಎತ್ತರಕ್ಕೆ ಎಳೆಯಬೇಡಿ. ಚಿಕ್ಕಕ್ಷರಕ್ಕಿಂತ ಸ್ವಲ್ಪ ಎತ್ತರ, ದೊಡ್ಡಕ್ಷರಕ್ಕಿಂತ ಸ್ವಲ್ಪ ಕಡಿಮೆ ಇಡಿ. ಸಾಲಿನ ಕೆಳಗೆ ಜಾಗ ಬಿಡಿ. 'ಸುವರ್ಣ ವರ್ಷ'ದಲ್ಲಿ ಒತ್ತು ಇಲ್ಲ, ಸರಿ. ಊರಿನ ಹೆಸರಿನಲ್ಲಿ 'ಡ್ಕ' ಇದೆಯಲ್ಲ.

ಪೆರ್ಲದವಳು
ಉಪ್ಪಳದವರು ಬರೆಯುವುದಾದರೆ ಎರಡು ಪದಕ್ಕೆ ನಿಲ್ಲಿಸಬೇಡಿ. ಕಾಗುಣಿತ ಪೂರ್ತಿ ಬರೆಯಿರಿ. ಸ್ಕ್ಯಾನ್ ಮಾಡಿ ಇಲ್ಲಿ ಹಾಕಿ. ಫಾಂಟ್ ಮಾಡುವ ತಂತ್ರಾಂಶ ಫಾಂಟ್‌ಫೋರ್ಜ್ ನನಗೆ ಬರುತ್ತದೆ, ಗೆರೆ ಶುದ್ಧ ಮಾಡುವ ಕೆಲಸ ನಾನು ಮಾಡುತ್ತೇನೆ.

ಚಂದ್ರಗಿರಿ ತೀರ
ಒತ್ತು ಕೂಡುವ ನಿಯಮ ಬರೆಯುವುದು ನನಗಿರಲಿ.

ಮೊಳೆಜೋಡಕ
ತಲೆಕಟ್ಟು ದಪ್ಪ ಮಾಡುವುದಿಲ್ಲ ಅಂತ ಒಪ್ಪಿದರೆ ಪ್ರೂಫ್ ನಾನು ನೋಡುತ್ತೇನೆ.

ಗೆರೆಗಾರ
ಬ್ರಷ್ ಹೇಳಿದ ಹಾಗೆ ಆಗಲಿ. ನಾನು, ನೀವು ಇಬ್ಬರೂ ಸುಮ್ನೆ ಇರೋಣ.

ಉಪ್ಪಳ ಬೋರ್ಡ್
ಮೊದಲ ಪ್ರತಿ ಬರೆದೆ. ಚಿತ್ರ ಹಾಕಿದ್ದೇನೆ ನೋಡಿ. ತಲೆಕಟ್ಟು ಹೊರಡುವಾಗ ದಪ್ಪ, ಮುಗಿಯುವಾಗ ಸಪೂರ ಬಂದಿದೆ. ಬ್ರಷ್ ಓರೆ ಹಿಡಿದರೆ ಅದು ತಾನಾಗಿ ಹಾಗೆ ಬರುತ್ತದೆ.

ಕುಂಬಳೆ ಪ್ರಿಂಟ್
ತುಂಬ ಚಂದ. 'ಷ'ದ ಒಳಗೆರೆ ಮಾತ್ರ ಇನ್ನೂ ಒಂದು ಎಳೆ ದಪ್ಪ ಮಾಡಿ. ಅರ್ಕಾವತ್ತು 'ಷ'ಕ್ಕೆ ತಾಗುತ್ತಿದೆ, ಸ್ವಲ್ಪ ಬಲಕ್ಕೆ ಸರಿಸಿ. ಸರಿಪಡಿಸಿ ಕಳಿಸಿದರೆ ಬಟ್ಟೆಯ ತುಂಡಿನ ಮೇಲೆ ಒಂದು ಟೆಸ್ಟ್ ಪ್ರಿಂಟ್ ತೆಗೆದು ಇಲ್ಲೇ ಫೋಟೋ ಹಾಕುತ್ತೇನೆ.